ಗುಳ್ಳೆಯಿಲ್ಲದ ಕಲ್ಲು

ಗೋಡೆಗೆ ಯಾರೋ ಗುಟ್ಕಾ ಉಗುಳುತ್ತಾರೆ ಎಂದೇ ಆ ಅಪಾರ್ಟ್‌ಮೆಂಟ್ ಸೊಸೈಟಿಯವರು ನಂಬಿದ್ದರು. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಪಶ್ಚಿಮದ ಗೋಡೆಯ ಮೇಲೆ, ಸೊಂಟದೆತ್ತರಕ್ಕೆ ಕೆಂಪು ಕಲೆ. ಬಣ್ಣ ಬಳಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಹಾಜರು. ಮೊದಲು ಡ್ರೈವರುಗಳ ಮೇಲೆ ಗುಮಾನಿ ಬಂತು. ಕ್ಯಾಮೆರಾ ಹಾಕಿದರು. ಆಮೇಲೆ ಎಲ್ಲ ಕಡೆ ಮಾಡುವ ಹಾಗೆ ದೇವರ ಚಿತ್ರದ ಟೈಲ್ಸ್ ಅಂಟಿಸಿದರು: ಗಣಪತಿ, ತುಳಜಾ ಭವಾನಿ, ವಿಠೋಬ. ದೇವರ ಮೇಲೆ ಯಾರು ಉಗುಳುತ್ತಾರೆ? ಈ ಆಷಾಢದಲ್ಲಿ ಕೆಂಪು ವಿಠೋಬನ ಪಾದದ ಅಡಿಯಿಂದ ಇಳಿಯತೊಡಗಿತು. ಆಗ ಯಾರಿಗೋ ಕಲ್ಲು ಬಲ್ಲವರನ್ನು ಕೇಳಬೇಕು ಎನಿಸಿ ನನಗೆ ಫೋನ್ ಬಂತು.

ಕಟ್ಟಡ ಏಳುವ ಮೊದಲು ಅದರ ಕೆಳಗೆ ಯಾವ ಕಲ್ಲಿದೆ ಎಂದು ನೋಡಿ ಹೇಳುವುದು ನನ್ನ ಉದ್ಯೋಗ. ಎದ್ದ ಮೇಲೆ ಕರೆಯುವವರು ಕಡಿಮೆ. ವಿಳಾಸ ಕೇಳಿದ ಕೂಡಲೇ ಜಾಗ ಗೊತ್ತಾಯಿತು. ಪುಣೆಯಿಂದ ಹಿಂಜವಾಡಿಗೆ ಹೋಗುವ ದಾರಿಯಲ್ಲಿ ವಾರಕ್ಕೆರಡು ಸಲವಾದರೂ ಅದರ ಮುಂದೆ ಹಾಯುತ್ತೇನೆ. ಕಟ್ಟಡ ಎದ್ದ ಮೇಲೆ ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ.

ಕಾರುಗಳ ನಡುವೆ ನುಸುಳಿ ಗೋಡೆಯ ಹತ್ತಿರ ಹೋಗಿ ಕೆಂಪನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದೆ. ಮಳೆ ಬಿದ್ದ ಹೊಲದ ವಾಸನೆ ಅಲ್ಲ. ಸುಟ್ಟ ಮಡಕೆಗೆ ಮೊದಲ ಸಲ ನೀರು ತುಂಬಿದಾಗ ಬರುತ್ತದಲ್ಲ, ಆ ವಾಸನೆ.

"ಥುಂಕಿ ನಾಹೀ ನಾ ಮ್ಯಾಡಂ?" ಸೊಸೈಟಿಯ ಕಾರ್ಯದರ್ಶಿ ಹಿಂದಿನಿಂದ ಕೇಳಿದರು. ಉಗುಳಲ್ಲ ತಾನೆ ಎಂದು.

"ಅಲ್ಲ. ಇದು ಮನುಷ್ಯ ಹುಟ್ಟುವ ಮೊದಲಿನ ಮಣ್ಣು" ಎಂದು ಮರಾಠಿಯಲ್ಲೇ ಹೇಳಿದೆ. ಅವರ ಮುಖ ನಿರಾಳವಾಗಲಿಲ್ಲ. ಉಗುಳಾಗಿದ್ದರೆ ಯಾರನ್ನಾದರೂ ಬೈಯಬಹುದಿತ್ತು.

ಈ ಕಟ್ಟಡಕ್ಕೆ ಗುಂಡಿ ತೋಡಿದ ಆ ಮಳೆಗಾಲದ ಬಗ್ಗೆ ಬರೆಯಲು ಕೂತರೆ ಮೊದಲ ವಾಕ್ಯದಲ್ಲೇ ಮಳೆ ಸುರಿಯಲು ಶುರುವಾಗುತ್ತದೆ. ನನ್ನ ನೆನಪಿನಲ್ಲಿ ಅದು ನಿಲ್ಲುವುದೇ ಇಲ್ಲ. ಆದರೆ ಹಳೆಯ ಫೋನಿನಲ್ಲಿ ಅದೇ ದಿನಗಳ ಒಂದು ಫೋಟೋ ಇದೆ. ಅದರಲ್ಲಿ ಬಿಸಿಲು ಹೊಳೆಯುತ್ತಿದೆ, ಕುಲಕರ್ಣಿ ಸರ್ ಕಪ್ಪು ಕನ್ನಡಕ ಹಾಕಿಕೊಂಡು ಅಗೆದ ಗುಂಡಿಯ ಅಂಚಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಹಾಗಾಗಿ ಮಳೆ ಬಂತು ಎಂದು ಬರೆಯುವ ಕಡೆಯಲ್ಲೆಲ್ಲ ಓದುವವರು ಒಂದಿಷ್ಟು ಬಿಸಿಲನ್ನೂ ಸೇರಿಸಿಕೊಳ್ಳಬೇಕು.

ಕುಲಕರ್ಣಿ ಸರ್ ಧಾರವಾಡದವರು. ಪುಣೆಯಲ್ಲಿ ಅವರದೊಂದು ಸಣ್ಣ ಕಚೇರಿ. ಜಾಗದಲ್ಲಿ ಬೋರು ಹಾಕಿಸಿ, ಒಳಗಿನ ಕಲ್ಲನ್ನು ಕೋಲುಕೋಲಾಗಿ ಹೊರತೆಗೆದು, ತಳಪಾಯಕ್ಕೆ ಆಗುತ್ತದೋ ಇಲ್ಲವೋ ಎಂದು ವರದಿ ಕೊಡುವ ಕೆಲಸ. ಆ ಕಲ್ಲುಕೋಲಿಗೆ ಎಲ್ಲರೂ ಕೋರ್ ಎನ್ನುತ್ತಾರೆ. ನಾನು ಅಲ್ಲಿ ಸೇರಿದಾಗ ಈ ಜಾಗದ ಬೋರುಗಳು ಮುಗಿದು, ಕೋರುಗಳನ್ನು ಮರದ ಪೆಟ್ಟಿಗೆಗಳಲ್ಲಿ ಸಾಲಾಗಿ ಮಲಗಿಸಿ ಇಟ್ಟಿದ್ದರು. ಮೇಲಿನಿಂದ ಕೆಳಗೆ ನೆಲ ಹೇಗಿದೆಯೋ ಹಾಗೆ ಪೆಟ್ಟಿಗೆಯಲ್ಲಿ ಎಡದಿಂದ ಬಲಕ್ಕೆ ಓದಿಕೊಳ್ಳಬೇಕು. ಓದಿದೆ. ಕಪ್ಪು ಕಲ್ಲು, ಗಟ್ಟಿ ಕಲ್ಲು, ಮತ್ತೆ ಕಪ್ಪು ಕಲ್ಲು. ಒಂದೂ ಗುಳ್ಳೆಯಿಲ್ಲ.

ಗುಳ್ಳೆ ಇರಬೇಕಿತ್ತು. ಪುಣೆಯ ಕೆಳಗಿನ ಕಲ್ಲು ಬೆಂಕಿಯಿಂದ ಹುಟ್ಟಿದ್ದು. ಬೆಟ್ಟದ ತುದಿಯಿಂದ ಚಿಮ್ಮಿದ್ದಲ್ಲ. ನೆಲವೇ ಉದ್ದುದ್ದಕ್ಕೆ ಬಿರಿದು, ಆ ಬಿರುಕುಗಳಿಂದ ಶಿಲಾಪಾಕ ಉಕ್ಕಿ, ಕಾವಲಿಯ ಮೇಲೆ ಹಿಟ್ಟು ಹರಡಿದ ಹಾಗೆ ಹರಡಿ ಆರಿತು. ಅದರ ಮೇಲೆ ಇನ್ನೊಂದು, ಮತ್ತೊಂದು. ಹರಡಿದ ಪಾಕದೊಳಗಿನ ಅನಿಲ ಮೇಲಕ್ಕೇರುತ್ತದೆ. ಮೇಲ್ಮೈ ಆಗಲೇ ಹೆಪ್ಪುಗಟ್ಟಿದ್ದರೆ ಹೊರಬೀಳಲಾಗದೆ ತೂತುಗಳಾಗಿ ಉಳಿಯುತ್ತದೆ. ಆದ್ದರಿಂದ ಪ್ರತಿ ಹರಿವಿನ ನೆತ್ತಿ ದೋಸೆಯ ಮೇಲ್ಮೈಯಂತೆ ತೂತುತೂತು. ಎಷ್ಟೋ ಕಾಲದ ಮೇಲೆ ನೀರು ಇಳಿದು ಆ ತೂತುಗಳಲ್ಲಿ ಬಿಳಿ ಹರಳು ತುಂಬುತ್ತದೆ. ಒಂದು ಹರಿವಿಗೂ ಮುಂದಿನದಕ್ಕೂ ನಡುವೆ ಬಿಡುವು ಸಿಕ್ಕಿದರೆ ನೆತ್ತಿ ಕೊಳೆತು ಮಣ್ಣಾಗುತ್ತದೆ. ಮುಂದಿನ ಹರಿವು ಬಂದು ಆ ಮಣ್ಣನ್ನು ಇಟ್ಟಿಗೆಯಂತೆ ಸುಡುತ್ತದೆ. ಪುಣೆಯಲ್ಲಿ ಎಲ್ಲಿ ಬೋರು ಹಾಕಿದರೂ ಇವುಗಳಲ್ಲಿ ಒಂದಾದರೂ ಸಿಗಬೇಕು: ತೂತು, ಹರಳು, ಕೆಮ್ಮಣ್ಣು. ಈ ಪೆಟ್ಟಿಗೆಗಳಲ್ಲಿ ಯಾವುದೂ ಇರಲಿಲ್ಲ.

"ಸರ್, ಹರಿವಿನ ನೆತ್ತಿ ಎಲ್ಲೂ ಸಿಕ್ಕಿಲ್ಲಲ್ರೀ" ಅಂದೆ.

"ಕೆಟ್ಟ ಕಲ್ಲು ಸಿಕ್ರ ಅಳತೀರಿ, ಛಲೋ ಕಲ್ಲು ಸಿಕ್ರ ಅದಕ್ಕೂ ತಕರಾರು ತಗೀತೀರಿ. ನಿನ್ನ ಗಂಡನ ಗತಿ ಏನವಾ?"

ಈ ಮಾತು ನಡೆದದ್ದು ನಿಜವೇ? ಸರ್ ಈಗ ಧಾರವಾಡದಲ್ಲಿದ್ದಾರೆ. ಫೋನ್ ಮಾಡಿ ಕೇಳಿದೆ. "ನೀ ಹಂಗ ಕೇಳಿದ್ದು ನನಗ ನೆನಪಿಲ್ಲ. ಕೇಳಿದ್ರ ನಾ ಹಂಗ ಅಂದಿರತೀನಿ" ಅಂದರು. ಇದಕ್ಕಿಂತ ಪ್ರಾಮಾಣಿಕ ಸಾಕ್ಷಿ ಈ ಬರಹಕ್ಕೆ ಸಿಗಲಾರದು.

ಜಾಗದ ಪಶ್ಚಿಮ ಅಂಚಿನಲ್ಲಿ ಸಂಜೀವಣ್ಣನ ಮೆಸ್ ಇತ್ತು. ತಗಡಿನ ಮಾಡು, ಹಿಂದೆ ಅಡುಗೆಮನೆ, ಮುಂದೆ ಬೆಂಚುಗಳು. ಐಟಿ ಕಂಪನಿಗಳ ಶಟಲ್ ಓಡಿಸುವ ಡ್ರೈವರುಗಳೆಲ್ಲ ಊಟಕ್ಕೆ ಅಲ್ಲೇ. ಸಂಜೀವಣ್ಣ ಕುಂದಾಪುರದ ಕಡೆಯವರು, ಕಾವಲಿಯ ಮುಂದೆ ಅವರ ಹೆಂಡತಿ ಲೀಲಕ್ಕ. ಸುತ್ತ ಗದ್ದೆಯಿದ್ದ ಕಾಲದಿಂದ ಅವರು ಅಲ್ಲಿದ್ದರು. ಜಾಗ ಬಾಡಿಗೆಯದು, ಬಾಯಿಮಾತಿನದು. ಮೂಲ ಮಾಲೀಕ ಅಷ್ಟೂ ನೆಲವನ್ನು ಒಬ್ಬ ಬಿಲ್ಡರನಿಗೆ ಮಾರಿದ್ದ. ಮೇಲೆ ಕಟ್ಟಡ ಎದ್ದಾಗ ಕೆಳಗೊಂದು ಅಂಗಡಿ ಕೊಡುತ್ತೇವೆ, ಈಗ ಖಾಲಿ ಮಾಡಿ ಎಂದು ಅವನ ಜನ ತಿಂಗಳುಗಟ್ಟಲೆ ಬೆನ್ನುಹತ್ತಿದ್ದರು. ಸಂಜೀವಣ್ಣ ಅಲ್ಲಾಡಿರಲಿಲ್ಲ. "ನನ್ನ ಹಕ್ಕುಪತ್ರ ಎಂತದು ಗೊತ್ತುಂಟಾ? ನಾನು ಕೂತದ್ದೇ. ಎದ್ದರೆ ಹೋಯ್ತು" ಎನ್ನುತ್ತಿದ್ದರು.

ಗುಂಡಿ ತೋಡಲು ಶುರುಮಾಡುವ ಮುಂಚೆ ಅವರು ಒಂದೇ ಪ್ರಶ್ನೆ ಕೇಳಿದ್ದರು. ಪಕ್ಕದಲ್ಲೇ ಅಷ್ಟು ಆಳ ತೋಡಿದರೆ ನನ್ನ ಅಡುಗೆಮನೆ ನಿಲ್ಲುತ್ತದಾ? ಕುಲಕರ್ಣಿ ಸರ್‌ಗೆ ಆ ಮೆಸ್ಸಿನ ಊಟ ಪ್ರಾಣ. ಅವರು ಒಂದು ಮೊಳದುದ್ದದ ಕೋರನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಬೆಂಚಿನ ಮೇಲೆ ನಿಲ್ಲಿಸಿ ಸ್ಟೀಲ್ ಸೌಟಿನಿಂದ ಹೊಡೆದರು. ಕಲ್ಲು ಕಿಣಿಕಿಣಿ ಎಂದಿತು.

"ಕೇಳ್ರಿ. ಗಂಟಿ ಹಂಗ ಬಾರಸ್ತದ. ನಿಮ್ಮ ಅಡಿಗಿಮನಿ ಅಲ್ಲ, ಸಿಂಹಗಡ ತಂದು ಇಟ್ರೂ ತಡೀತದ."

ಆಮೇಲೆ ಗಟ್ಟಿತನ ತೋರಿಸಲು ಸುತ್ತಿಗೆಯಿಂದಲೂ ಒಂದು ಕೊಟ್ಟರು. ಚಕ್ಕೆಯೊಂದು ಹಾರಿ ಲೀಲಕ್ಕನ ಕಾಲ ಬಳಿ ಬಿತ್ತು. ಅವರು ಎತ್ತಿ ಕಿಟಕಿಯ ಮೇಲಿಟ್ಟರು. ಡ್ರೈವರುಗಳು ನಕ್ಕರು. ಸಂಜೀವಣ್ಣನೂ ನಕ್ಕರು. ಅವತ್ತು ಸರ್ ಊಟಕ್ಕೆ ಎರಡು ಸಲ ಸಾರು ಹಾಕಿಸಿಕೊಂಡರು.

ಕಲ್ಲು ಒಡೆಯುವ ಯಂತ್ರಗಳು, ಬ್ರೇಕರುಗಳು, ಪೂರ್ವದಿಂದ ಅಗೆಯುತ್ತ ಬಂದವು. ಜಾಗದ ನಡುವೆ ತೆಂಕಣದಿಂದ ಬಡಗಣಕ್ಕೆ ಒಂದು ಕಲ್ಲಿನ ದಿನ್ನೆ ಇತ್ತು. ಆನೆಯ ಬೆನ್ನಿನಂಥದು, ಒಂದು ರಸ್ತೆಯಷ್ಟು ಅಗಲ. ಅಗೆತ ಆ ದಿನ್ನೆಯನ್ನು ಪಕ್ಕದಿಂದ ಸೀಳಿದ ದಿನ ನಾನು ಗುಂಡಿಗೆ ಇಳಿದೆ. ಎದುರಿಗೆ ಕಂಡದ್ದು ಸಾಮಿಲ್ಲಿನ ಅಂಗಳ. ದಿಮ್ಮಿಗಳನ್ನು ಒಂದರ ಮೇಲೊಂದು ಒಟ್ಟಿ, ಅವುಗಳ ಕೊಯ್ದ ತುದಿಗಳಷ್ಟೇ ನಮ್ಮ ಕಡೆಗೆ ಕಾಣುವಂತೆ ಇಟ್ಟಿದ್ದರೆ ಹೇಗೋ ಹಾಗೆ. ಕಲ್ಲಿನ ದಿಮ್ಮಿಗಳು. ಐದು ಮೂಲೆ, ಆರು ಮೂಲೆ.

ಮಳೆಯಲ್ಲಿ ನಿಂತೇ ಇದ್ದೆ. (ಬಿಸಿಲೂ ಇರಬಹುದು.) ಆ ದಿಮ್ಮಿಗಳು ಮಲಗಿರಬಾರದಿತ್ತು.

ಯಾಕೆಂದು ಹೇಳಬೇಕು. ಶಿಲಾಪಾಕ ಆರುವಾಗ ಕುಗ್ಗುತ್ತದೆ, ಕುಗ್ಗುತ್ತ ಬಿರಿಯುತ್ತದೆ. ಕೆರೆ ಒಣಗಿದಾಗ ಕೆಸರು ಬಿಲ್ಲೆಬಿಲ್ಲೆಯಾಗುವುದಿಲ್ಲವೇ, ಹಾಗೆ. ಆ ಬಿರುಕು ತಣ್ಣನೆಯ ಕಡೆಯಿಂದ ಶುರುವಾಗಿ ನೇರ ಒಳಕ್ಕೆ ಇಳಿದು ಕಲ್ಲನ್ನು ಕಂಬಗಳಾಗಿ ಸೀಳುತ್ತದೆ. ನೆಲದ ಮೇಲೆ ಹರಡಿದ ಹರಿವು ಮೇಲಿನಿಂದಲೂ ಕೆಳಗಿನಿಂದಲೂ ಆರುತ್ತದೆ, ಅದರ ಕಂಬಗಳು ನಿಂತಿರುತ್ತವೆ. ಕಂಬಗಳು ಮಲಗಿವೆ ಎಂದರೆ ಕಲ್ಲು ಪಕ್ಕಗಳಿಂದ ಆರಿದೆ. ಪಕ್ಕದಿಂದ ಆರಬೇಕಾದರೆ ಅದು ಹರಡಿದ್ದಲ್ಲ. ನೆಲದ ಬಿರುಕಿನೊಳಗೇ ಸಿಕ್ಕಿಕೊಂಡು ಅಲ್ಲೇ ಹೆಪ್ಪುಗಟ್ಟಿದ್ದು, ಹಳೆಯ ಹರಿವುಗಳನ್ನು ಸೀಳಿಕೊಂಡು ನೆಟ್ಟಗೆ ನಿಂತ ಒಂದು ಗೋಡೆ. ಅದಕ್ಕೆ ಡೈಕ್ ಎನ್ನುತ್ತಾರೆ.

ಎಂದರೆ ನಮ್ಮ ಬೋರುಗಳೆಲ್ಲ ಗೋಡೆಯ ನೆತ್ತಿಯ ಮೇಲೆ ನಿಂತು ಗೋಡೆಯೊಳಕ್ಕೇ ಇಳಿದಿದ್ದವು. ಗೋಡೆಯ ಈಚೆ ಆಚೆ ಏನಿದೆ ಎಂದು ಒಂದಕ್ಕೂ ಗೊತ್ತಿರಲಿಲ್ಲ.

ಹಾಗೇಕಾಯಿತು ಎಂದು ಬೋರಿನ ಮೇಸ್ತ್ರಿ ಪಾಂಡುರಂಗನನ್ನು ಕೇಳಿದೆ. ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಬೋರು ಹಾಕುವಾಗ ಮಳೆ ಶುರುವಾಗಿತ್ತು. ಸುತ್ತ ಎರೆಭೂಮಿ, ಕಾಲಿಟ್ಟರೆ ಮೊಣಕಾಲು ಹೂಳುತ್ತಿತ್ತು. ಯಂತ್ರ ನಿಲ್ಲಿಸಲು ಕಲ್ಲಿನ ದಿನ್ನೆ ಬಿಟ್ಟರೆ ಬೇರೆ ಒಣನೆಲ ಎಲ್ಲಿತ್ತು? ಯಂತ್ರವನ್ನು ದಿನ್ನೆಯ ಮೇಲೆ ಈ ತುದಿಯಿಂದ ಆ ತುದಿಗೆ ಸರಿಸುತ್ತ ಹೋಗಿದ್ದರು. ಯಾರೂ ಮೋಸ ಮಾಡಿರಲಿಲ್ಲ. ಮಳೆಯಲ್ಲಿ ಕೆಲಸ ಮಾಡುವ ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಕಲ್ಲೇ ನಮ್ಮನ್ನು ತನ್ನ ಮೇಲೆ ಕರೆದು ಕೂರಿಸಿಕೊಂಡು, ತನ್ನ ಬಗ್ಗೆ ಮಾತ್ರ ಹೇಳಿತ್ತು.

ಕುಲಕರ್ಣಿ ಸರ್‌ಗೆ ದಿಮ್ಮಿಗಳನ್ನು ತೋರಿಸಿದೆ. ಈಗ ಅವರ ನೆನಪಿನಲ್ಲಿ ಅದನ್ನು ಮೊದಲು ಕಂಡದ್ದು ಅವರು, ನನಗೆ ತೋರಿಸಿದವರೂ ಅವರೇ. ಇರಲಿ. ನಾನು ವಾದಿಸಲು ಹೋಗಿಲ್ಲ. ಅವರು ಆಗ ಆಡಿದ ಮಾತು ಮಾತ್ರ ಇಬ್ಬರಿಗೂ ಒಂದೇ ರೀತಿ ನೆನಪಿದೆ.

"ನಾ ಅವನ ಬೆಂಚಿನ ಮ್ಯಾಲ ಗಂಟಿ ಬಾರಿಸಿ ಬಂದೀನಲ್ಲವಾ."

ಗುಂಡಿಯ ಒಳಗಿನಿಂದ, ಡೈಕಿನ ಮೂಲಕ ಪಶ್ಚಿಮಕ್ಕೆ, ಮೆಸ್ಸಿನ ಅಡಿಗೆ ಹೋಗುವಂತೆ ಓರೆಯಾಗಿ ಒಂದು ಬೋರು ಹಾಕುವುದು ಎಂದಾಯಿತು. ಬಿಲ್ಡರನ ಎಂಜಿನಿಯರ್ ಬ್ರೇಕರು ನಿಲ್ಲಿಸಲು ಒಪ್ಪಲಿಲ್ಲ. ನಾವು ತೆಂಕಣದ ಮೂಲೆಯಲ್ಲಿ ಕೊರೆಯುತ್ತಿದ್ದಾಗ ಅವರು ಬಡಗಣದಲ್ಲಿ ಅದೇ ಡೈಕನ್ನು ಒಡೆಯುತ್ತಿದ್ದರು. ಆ ಗೋಡೆಯೇ ಇಷ್ಟು ಕಾಲ ಹಿಂದಿನ ನೆಲಕ್ಕೆ ಬೆನ್ನು ಕೊಟ್ಟಿತ್ತೋ ಏನೋ ಎಂದು ನನಗೆ ಆಗ ಹೊಳೆಯಿತು.

ಕೊರೆಯುವಾಗ ಬಿಸಿಯಾಗದಂತೆ ನೀರು ಬಿಡುತ್ತಾರೆ. ಆ ನೀರು ಒಳಗಿನ ಕಲ್ಲಿನ ಹಿಟ್ಟನ್ನು ಹೊತ್ತು ವಾಪಸು ಬರುತ್ತದೆ. ಕೋರ್ ಹೊರಬರುವ ಮೊದಲೇ ನೀರಿನ ಬಣ್ಣ ಸುದ್ದಿ ಹೇಳುತ್ತದೆ. ಸರ್, ಪಾಂಡುರಂಗ, ನಾನು ಮೂವರೂ ಕೊಳವೆಯ ಬಾಯಿಗೆ ಕಣ್ಣು ನೆಟ್ಟು ನಿಂತೆವು. ಮೊದಲು ಬೂದಿ ಬಣ್ಣ: ಡೈಕಿನ ಹೊಟ್ಟೆ. ಆಮೇಲೆ ಮಸಿಯಂಥ ಕಪ್ಪು. ಅದು ಡೈಕಿನ ಅಂಚು, ತಣ್ಣನೆಯ ಕಲ್ಲಿಗೆ ತಾಗಿದ ಕೂಡಲೇ ಆರಿ, ಹರಳು ಕಟ್ಟಲು ಪುರಸೊತ್ತಿಲ್ಲದೆ ಗಾಜಿನಂತಾದದ್ದು. ಗಾಜು ಮುಗಿದರೆ ಆಚೆಯ ಕಲ್ಲು. ನೀರು ಬೆಳ್ಳಗಾಯಿತು, ಅಕ್ಕಿ ತೊಳೆದ ಹಾಗೆ. ತೂತುಗಳ ಕಲ್ಲು, ತೂತುಗಳಲ್ಲಿ ಹರಳು. ಸರ್ ಉಸಿರು ಬಿಟ್ಟರು. ಅದು ಮೆತ್ತಗಿನ ಕಲ್ಲು, ಆದರೂ ಕಲ್ಲು.

ಆಮೇಲೆ ನೀರು ಕೆಂಪಾಯಿತು.

"ಗೇರು ಆಲಾ" ಎಂದ ಪಾಂಡುರಂಗ, ಕಾವಿ ಬಂತು ಎಂದು. ಯಂತ್ರದ ವೇಗ ಇಳಿಸಿದ. ಕೆಂಪು ಇನ್ನೂ ಗಾಢವಾಯಿತು. ಕೋರ್ ತೆಗೆದರೆ ಕೋಲಿಲ್ಲ, ಹಿಸುಕಿದರೆ ಬೆರಳ ಸಂದಿಯಿಂದ ಬರುವ ಮುದ್ದೆ. ಎರಡು ಹರಿವುಗಳ ನಡುವೆ ಸುಟ್ಟ ಮಣ್ಣು ನೀರು ಕುಡಿದು ಬೆಣ್ಣೆಯಾಗಿತ್ತು. ಅದರ ಮೇಲೆ ಇನ್ನೊಂದು ಹರಿವು, ಅದರ ನಿಂತ ಕಂಬಗಳು, ಅವುಗಳ ಮೇಲೆ ಸಂಜೀವಣ್ಣನ ಅಡುಗೆಮನೆ. ಬಿಡಿಬಿಡಿ ಕಂಬಗಳು ಬೆಣ್ಣೆಯ ಮೇಲೆ ನಿಂತಿದ್ದವು, ಮುಂದಿನ ಆಸರೆಯನ್ನು ನಾವು ಒಡೆಯುತ್ತಿದ್ದೆವು.

ಕುಲಕರ್ಣಿ ಸರ್ ತಾವೇ ಹೋಗಿ ಬ್ರೇಕರಿನ ಮುಂದೆ ನಿಂತರು. ಎಂಜಿನಿಯರ್ ಕೂಗಾಡಿದ. ಕೆಳಗಿದ್ದ ಕೂಲಿಯವರನ್ನೆಲ್ಲ ಸರ್ ಮೇಲೆ ಹತ್ತಿಸಿದರು. ಆಮೇಲೆ ನಾವಿಬ್ಬರೂ ಮೆಸ್ಸಿಗೆ ನಡೆದೆವು. ಬಾಗಿಲಲ್ಲಿ ಸರ್ ಕಾಲು ಒರೆಸುತ್ತ ನಿಂತರು, ಒರೆಸುತ್ತಲೇ ಇದ್ದರು. ಮಾತಾಡಬೇಕಾದವಳು ನಾನಾದೆ.

ಮಧ್ಯಾಹ್ನದ ಊಟದ ಹೊತ್ತು, ಬೆಂಚುಗಳು ತುಂಬಿದ್ದವು. ಸಂಜೀವಣ್ಣ ಅನ್ನದ ಬುಟ್ಟಿ ಹಿಡಿದು ಓಡಾಡುತ್ತಿದ್ದರು. ಒಂದು ಕಡೆ ಕರೆದು ಹೇಳಿದೆ. ಕೆಳಗೆ ಕೆಮ್ಮಣ್ಣಿದೆ, ನೀರು ಕುಡಿದಿದೆ, ಇವತ್ತೇ ಖಾಲಿ ಮಾಡಿ.

ಅವರು ಬುಟ್ಟಿ ಇಳಿಸಲಿಲ್ಲ. "ಎಂತ ಮಾರಾಯ್ರೆ, ಕಲ್ಲು ಎರಡು ತಿಂಗಳಲ್ಲಿ ಮಣ್ಣಾಗ್ತದಾ? ಆವತ್ತು ಗಂಟೆ ಹೊಡೆದವರು ಯಾರು?"

"ಆ ಕಲ್ಲು ಬ್ಯಾರೆ ಇತ್ತು ಸಂಜೀವಣ್ಣ. ಅದು ಅಲ್ಲಿಯ ಕಲ್ಲು. ನಿಮ್ಮ ಕೆಳಗಿಂದಲ್ಲ."

"ನೋಡಿ. ಬಿಲ್ಡರ್ ಜನ ಬಂದು ಏಳು ಅಂದ್ರು, ನಾನು ಏಳಲಿಲ್ಲ. ವಕೀಲನನ್ನು ಕಳಿಸಿದ್ರು, ಏಳಲಿಲ್ಲ. ಈಗ ನಿಮ್ಮನ್ನು ಕಳಿಸಿದ್ದಾರೆ. ನಿಮಗೆ ಸಂಬಳ ಯಾರು ಕೊಡುದು?"

ನಮ್ಮ ಬಿಲ್ಲು ಕಟ್ಟುತ್ತಿದ್ದವನು ಬಿಲ್ಡರನೇ. ಅವರು ಹೇಳಿದ್ದು ಸರಿಯಾಗಿತ್ತು. ನಾನು ಹೇಳಿದ್ದು ನಿಜವಾಗಿತ್ತು. ಆದರೆ ಒಬ್ಬ ಸುಳ್ಳುಗಾರ ಬಂದಿದ್ದರೂ ಅಕ್ಷರಕ್ಷರ ಅದನ್ನೇ ಹೇಳುತ್ತಿದ್ದ.

"ಕೆಂಪು ನೀರು ಬಂದದ್ದನ್ನು ನೀವೇ ಬಂದು ನೋಡ್ರಿ" ಅಂದೆ.

"ಇಟ್ಟಿಗೆ ಪುಡಿ ಕಲಸಿದ್ರೂ ಕೆಂಪೇ ಬರ್ತದೆ." ಅವರ ದನಿ ಏರಿರಲಿಲ್ಲ. "ಚೌತಿ ಕಳೀಲಿ ಮೇಡಂ. ಚೌತಿಗೆ ಆರ್ಡರ್ ಹಿಡಿದಿದ್ದೇನೆ. ಆಮೇಲೆ ಮಾತಾಡುವ."

ಚೌತಿ ಇನ್ನೂ ದೂರವಿತ್ತು. ಹೊರಗೆ ಮೋಡ ಕಟ್ಟಿತ್ತು. ಗುಂಡಿಯ ಕಡೆಯಿಂದ ಸಣ್ಣದೊಂದು ಸದ್ದು ಬಂತು, ಹುರಿಗಡಲೆ ಚೆಲ್ಲಿದಂತೆ. ಕಲ್ಲಿನ ಸಂದಿಯಿಂದ ಚೂರು ಉದುರುವ ಸದ್ದು. ಅದು ನಿಂತು ಮತ್ತೆ ಶುರುವಾಯಿತು. ಕುಲಕರ್ಣಿ ಸರ್ ಬಾಗಿಲಲ್ಲಿ ಕಾಲು ಒರೆಸುವುದನ್ನು ನಿಲ್ಲಿಸಿದರು. ಡ್ರೈವರೊಬ್ಬ ತಟ್ಟೆಯಿಂದ ತಲೆಯೆತ್ತಿ ನಮ್ಮನ್ನೂ ಸಂಜೀವಣ್ಣನನ್ನೂ ನೋಡಿ, ಜಗಳ ಯಾವ ಭಾಷೆಯಲ್ಲಾದರೂ ಜಗಳವೇ ಎಂಬಂತೆ ಮತ್ತೆ ಉಣ್ಣತೊಡಗಿದ.

ಆಗ ಅಡುಗೆಮನೆಯಿಂದ ಲೀಲಕ್ಕ ಕರೆದರು. "ನೀವು ಸ್ವಲ್ಪ ಇಲ್ಲಿ ಬನ್ನಿ."

ಕರೆದದ್ದು ಗಂಡನನ್ನೋ ನನ್ನನ್ನೋ ತಿಳಿಯದೆ ಇಬ್ಬರೂ ಹೋದೆವು. ದೊಡ್ಡ ಚೌಕದ ದೋಸೆ ಕಾವಲಿ. ಅದನ್ನು ಒರೆಸಿ, ನಟ್ಟನಡುವೆ ಒಂದು ಸೌಟು ಎಣ್ಣೆ ಬಿಟ್ಟರು. ಎಣ್ಣೆ ಕ್ಷಣಹೊತ್ತು ಯೋಚಿಸಿದಂತೆ ನಿಂತು, ಆಮೇಲೆ ನಿಧಾನವಾಗಿ ಗುಂಡಿಯ ಕಡೆಯ ಮೂಲೆಗೆ ಸರಿಯಿತು. ಅಲ್ಲೇ ಕೆರೆಯಾಗಿ ಕೂತಿತು.

"ಆಟಿ ತಿಂಗಳಲ್ಲಿ ಒಂದು ಚೂರು ಇಟ್ಟೆ" ಎಂದು ಲೀಲಕ್ಕ ಒಲೆಯ ಕಾಲನ್ನು ತೋರಿಸಿದರು. "ಸಮ ಆಯ್ತು. ದೋಸೆ ಪುನಃ ಒಂದೇ ಕಡೆ ದಪ್ಪ ಬರ್ಲಿಕ್ಕೆ ಶುರು. ಮೊನ್ನೆ ಇನ್ನೊಂದು ಇಟ್ಟೆ. ಇವತ್ತು ಪುನಃ ಓಡ್ತಾ ಉಂಟು."

ಬಗ್ಗಿ ನೋಡಿದೆ. ಒಲೆಯ ಕಬ್ಬಿಣದ ಕಾಲಿನ ಕೆಳಗೆ ಒಂದರ ಮೇಲೊಂದು ಕಲ್ಲಿನ ಚಕ್ಕೆಗಳು.

ಸಂಜೀವಣ್ಣ ಎಣ್ಣೆಯಿಂದ ಕಣ್ಣು ಕೀಳಲಿಲ್ಲ. "ನನ್ಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಒಲೆ ಸರಿ ಇಲ್ಲ ಅಂತ ಹೊಸ ಒಲೆ ತರ್ತಿದ್ರಿ."

ಅವರು ಕೈ ಚಾಚಿ ಗ್ಯಾಸ್ ಆರಿಸಿದರು. ಒಂದೊಂದಾಗಿ ಎಲ್ಲ ಒಲೆಗಳನ್ನೂ. ಹೊರಗೆ ಬಂದು ಡ್ರೈವರುಗಳಿಗೆ ಮರಾಠಿಯಲ್ಲಿ, ತಟ್ಟೆ ಕೈಯಲ್ಲೇ ಹಿಡಿದುಕೊಂಡು ರಸ್ತೆಗೆ ಹೋಗಿ ಉಣ್ಣಿ ಎಂದರು. ಯಾರೋ ನಕ್ಕರು, ಅವರ ಮುಖ ನೋಡಿ ನಿಲ್ಲಿಸಿದರು. ಆಮೇಲೆ ಅದೇ ಡ್ರೈವರುಗಳು ಬೆಂಚು ಹೊತ್ತರು, ರುಬ್ಬುವ ಯಂತ್ರ ಹೊತ್ತರು, ಸಿಲಿಂಡರುಗಳನ್ನು ಉರುಳಿಸಿಕೊಂಡು ಹೋದರು. ಕಾವಲಿ ಇನ್ನೂ ಬಿಸಿಯಿತ್ತು. ಗೋಣಿ ಸುತ್ತಿ ಎತ್ತಿದರು. ಹೊತ್ತು ಮುಳುಗುವ ಮೊದಲು ತಗಡಿನ ಮಾಡಿನ ಕೆಳಗೆ ಏನೂ ಉಳಿಯಲಿಲ್ಲ.

ಆ ಚಕ್ಕೆಗಳ ಬಗ್ಗೆ ಒಂದು ಮಾತು. ಕೆಳಗಿನ ಚಕ್ಕೆ ಸರ್ ಹೊಡೆದ ಕೋರಿನಿಂದ ಹಾರಿದ್ದೇ, ಕಿಟಕಿಯಿಂದ ತೆಗೆದು ಇಟ್ಟದ್ದು ಎಂದು ಲೀಲಕ್ಕ ಇವತ್ತಿಗೂ ಹೇಳುತ್ತಾರೆ. ಕಥೆಗೆ ಅದು ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದರೆ ನನಗೆ ಅದರ ಮೇಲೆ ಅನುಮಾನ. ನಾನು ಬಗ್ಗಿ ನೋಡಿದ್ದನ್ನು ಈಗಲೂ ಕಣ್ಣಮುಂದೆ ತಂದುಕೊಳ್ಳಬಲ್ಲೆ. ಚಕ್ಕೆಯಲ್ಲಿ ಬಿಳಿ ಹರಳು ತುಂಬಿದ ಪುಟ್ಟ ತೂತುಗಳಿವೆ. ಡೈಕಿನ ಆ ಕೋರಿನಲ್ಲಿ ತೂತೇ ಇರಲಿಲ್ಲ. ಆದ್ದರಿಂದ ಇಬ್ಬರಲ್ಲಿ ಒಬ್ಬರ ನೆನಪು ತಪ್ಪು. ತೂತು ಲಾವಾ ಹರಿದ ದಿನದ್ದು, ಹರಳು ಎಷ್ಟೋ ಕಾಲದ ಮೇಲೆ ಬೇರೆ ನೀರು ತಂದು ಇಟ್ಟದ್ದು. ನೋಡುವವರ ಕಣ್ಣು ಹೋಗುವುದು ಮಾತ್ರ ಹರಳಿಗೇ. ನಾನು ಕಂಡ ಹರಳುಗಳೂ ಆಮೇಲೆ ತುಂಬಿಕೊಂಡವೇ ಇರಬಹುದು.

ಮುಂದಿನ ದಿನಗಳಲ್ಲಿ ನಾವು ಗುಂಡಿಯ ಪೂರ್ವದಂಚಿನಲ್ಲಿ ನಿಂತು ಎದುರಿನ ಗೋಡೆಯನ್ನು ಕಾದೆವು. ಮಳೆ ಹೊಡೆಯಿತು. ಬೋರಿನ ತೂತಿನಿಂದ ಕೆಂಪು ನೀರು ಒಸರಿತು. ಚೂರುಗಳು ಉದುರಿದವು. ಚೌತಿ ಬಂತು, ಡೋಲು ತಾಶೆ ಬಡಿದುಕೊಂಡು ಗಣಪತಿಗಳು ಆ ರಸ್ತೆಯಲ್ಲೇ ಹೋದವು. ನೆಲ ನಡುಗುತ್ತಿದೆ, ಈಗ ಬೀಳುತ್ತದೆ ಎಂದುಕೊಂಡೆ. ಸಂಜೀವಣ್ಣನೂ ಬಂದು ನಮ್ಮ ಪಕ್ಕದಲ್ಲಿ ನಿಲ್ಲುತ್ತಿದ್ದರು. ಮೂವರೂ ಒಂದೇ ಗೋಡೆಯನ್ನು ನೋಡುತ್ತ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅದು ಬೀಳಲಿ ಎಂದು ನಾನು ಬಯಸುತ್ತಿದ್ದೆ. ಅವರೂ ಬಯಸುತ್ತಿದ್ದರು ಎಂದು ಈಗ ಗೊತ್ತು.

ಬೀಳಲಿಲ್ಲ.

ಭಾರ ಕಡಿಮೆಯಾಗಲಿ ಎಂದು ಮೆಸ್ಸಿನ ಮಾಡು ಕಿತ್ತರು. ಉಳಿದ ಡೈಕನ್ನು ತುಸುತುಸುವೇ ತೆಗೆಯುತ್ತ, ಹಿಂದಿನ ಗೋಡೆಗೆ ಉದ್ದುದ್ದ ಉಕ್ಕಿನ ಸರಳು ಜಡಿದು ಮೇಲೆ ಸಿಮೆಂಟು ಚಿಮ್ಮಿಸಿದರು. ಕಂಬ, ಹರಳು, ಕೆಮ್ಮಣ್ಣು ಎಲ್ಲ ಬೂದು ಬಣ್ಣದಡಿ ಹೋದವು. ಕಟ್ಟಡ ಎದ್ದಿತು. ಮೆಸ್ಸಿದ್ದ ಜಾಗ ಕಾರುಗಳು ಒಳಗಿಳಿಯುವ ಇಳಿಜಾರಾಯಿತು. ಕೆಳಗಿನ ಅಂಗಡಿಗಳು ಯಾರು ಯಾರಿಗೋ ಹೋದವು. ಸಂಜೀವಣ್ಣ ಹೇಳಿದಂತೆಯೇ ಆಯಿತು: ಎದ್ದರು, ಹೋಯಿತು.

ಅವರೀಗ ಚಿಂಚವಾಡದಲ್ಲಿ ಒಂದು ನಾಷ್ಟಾ ಸೆಂಟರ್ ನಡೆಸುತ್ತಾರೆ. ಕಾರ್ಖಾನೆಗೆ ಹೋಗುವವರು ನಿಂತುಕೊಂಡೇ ತಿನ್ನುವ ಜಾಗ. ಆ ಕಡೆ ಹೋದಾಗ ನಾನು ನಿಲ್ಲುತ್ತೇನೆ. ಚಹಾ ಕೊಟ್ಟ ಮೇಲೆ ಒಂದೇ ಪ್ರಶ್ನೆ. "ಹೇಳಿ ಮೇಡಂ. ಬೀಳ್ತಿತ್ತಾ?"

"ಗೊತ್ತಿಲ್ಲ ಸಂಜೀವಣ್ಣ. ನೀವು ಹೋದದ್ದಕ್ಕ ಭಾರ ಇಳೀತು, ಸರಳು ಹಾಕಿದ್ರು. ನೀವು ಅಲ್ಲೇ ಇದ್ದಿದ್ರ ಏನಾಗತಿತ್ತೋ, ಅದನ್ನ ಕಲ್ಲು ಹೇಳೂದಿಲ್ಲ."

"ಬಿದ್ದಿದ್ರೆ ಒಳ್ಳೇದಿತ್ತು" ಎನ್ನುತ್ತಾರೆ, ಲೋಟ ತೊಳೆಯುತ್ತ.

ಅಷ್ಟಕ್ಕೆ ನಿಂತಿದ್ದರೆ ಸರಿ. ಹೊಸ ಅಂಗಡಿಯಲ್ಲಿ ಒಲೆಯ ಪಕ್ಕದ ಮೊಳೆಗೆ ಅವರು ಗಾರೆಯವರ ರಸಮಟ್ಟವೊಂದನ್ನು ತೂಗುಹಾಕಿದ್ದಾರೆ. ದಿನಾ ಬೆಳಿಗ್ಗೆ ಅದನ್ನು ಕಾವಲಿಯ ಮೇಲಿಟ್ಟು, ಒಳಗಿನ ಗುಳ್ಳೆ ನಡುವೆ ನಿಂತಿತೋ ಇಲ್ಲವೋ ನೋಡಿ, ಗಿರಾಕಿಗಳಿಗೆ ಕೇಳುವಂತೆ ಹೇಳುತ್ತಾರೆ. "ನೋಡಿ, ಇವತ್ತು ಸಮ ಉಂಟು. ಇವಳ ಓರೆ ದೋಸೆಯಿಂದ ಒಂದ್ಸಲ ನಮ್ಮ ಜಾಗ ಹೋಗಿದೆ." ಗಿರಾಕಿಗಳು ನಗುತ್ತಾರೆ. ಲೀಲಕ್ಕ ದೋಸೆ ಮಗುಚುತ್ತಾರೆ. ಅವರು ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ. ಆ ಒಲೆ ನಿಂತಿದ್ದ ನೆಲ ಕುಸಿದದ್ದು ಮೋರಿಯ ನೀರಿನಿಂದಲೂ ಇರಬಹುದು, ಹೆಗ್ಗಣದ ಬಿಲದಿಂದಲೂ ಇರಬಹುದು ಎಂದು ಅವರ ಮುಂದೆಯೇ ಸಂಜೀವಣ್ಣ ಲೆಕ್ಕ ಹಾಕುತ್ತಾರೆ. ನಾನೂ ಅಲ್ಲವೆನ್ನಲಾರೆ.

ಹಾಗಾಗಿ ವಿಠೋಬನ ಪಾದದ ಕೆಳಗೆ ಬೆರಳಿಟ್ಟು ಮೂಸಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಸೊಸೈಟಿಯ ಕೆಲಸವಲ್ಲ. ಚಿಂಚವಾಡಕ್ಕೆ ಫೋನ್ ಮಾಡಿದೆ.

ಸಂಜೀವಣ್ಣ ಮಧ್ಯಾಹ್ನದ ಹೊತ್ತಿಗೆ ಬಂದರು. ಬಾಗಿಲ ಸೆಕ್ಯುರಿಟಿಯವನು ಯಾವ ಫ್ಲ್ಯಾಟ್ ಎಂದು ಕೇಳಿದ. ಅವರು ಇಳಿಜಾರನ್ನು ತೋರಿಸಿ, "ಇದು" ಅಂದರು. ನಾನು ಹೋಗಿ ಕರೆತಂದೆ. ಇಳಿಯುವಾಗ ಅವರ ಕಾಲು ಒಂದು ಕಡೆ ತಡೆಯಿತು. ಕಾವಲಿ ಇದ್ದದ್ದು ಅಲ್ಲಿರಬೇಕು. ಅಥವಾ ಅಲ್ಲಿರಲಿ ಎಂದು ನಾನು ಅಂದುಕೊಂಡೆ.

ಗೋಡೆಯ ಮುಂದೆ ನಿಂತರು. ದೇವರುಗಳನ್ನು ನೋಡಿ ಅಭ್ಯಾಸಬಲದಿಂದ ಕೈಮುಗಿದರು. ಆಮೇಲೆ ಕೆಂಪನ್ನು ನೋಡಿದರು. ಸಿಮೆಂಟಿನ ಸಣ್ಣ ಸೀಳಿನಿಂದ ಅದು ಗೋಡೆಯುದ್ದಕ್ಕೂ ಒಂದೇ ಮಟ್ಟದಲ್ಲಿ ಒಸರಿತ್ತು, ಯಾರೋ ಗೆರೆ ಎಳೆದ ಹಾಗೆ. ಬೆರಳಿಗೆ ಹಚ್ಚಿಕೊಂಡರು. ಹೆಬ್ಬೆರಳಿನಿಂದ ಉಜ್ಜಿದರು. ಇಟ್ಟಿಗೆ ಪುಡಿಯಾದರೆ ತರಿತರಿ ಸಿಗುತ್ತದೆ. ಇದು ನುಣ್ಣಗಿತ್ತು.

"ಅಲ್ಲಿಂದ ಇಲ್ಲಿವರೆಗೆ ಉಂಟಲ್ಲ" ಅಂದರು.

"ಹೌದ್ರಿ. ಆವತ್ತು ನೀರಿನಾಗ ಬಂದಿದ್ದು ಇದೇ."

"ಇದರ ಮೇಲೆ ನಾವು ಕೂತಿದ್ದದ್ದು."

"ಇದರ ಮ್ಯಾಲೆ."

ನಾನು ಇನ್ನೊಂದು ವಾಕ್ಯ ಸೇರಿಸಬೇಕಿತ್ತು. ಕೆಮ್ಮಣ್ಣು ಇದೆ ಎಂದ ಮಾತ್ರಕ್ಕೆ ಗೋಡೆ ಬೀಳುತ್ತಿತ್ತು ಎಂದಾಗುವುದಿಲ್ಲ. ಇರುವುದು ಬೇರೆ, ಬೀಳುವುದು ಬೇರೆ. ಬಾಯಿ ತೆರೆದೆ. ಅಷ್ಟರಲ್ಲಿ ಅವರು ಜೇಬಿನಿಂದ ಫೋನ್ ತೆಗೆದು, ಕೆಂಪು ಹತ್ತದ ಬೆರಳಿನಿಂದ ಒತ್ತಿ, ಕಿವಿಗೆ ಸರಿಯಾಗಿ ಕೇಳುವುದಿಲ್ಲವೆಂದು ಸ್ಪೀಕರ್ ಹಾಕಿದರು. ಅತ್ತ ಕಾವಲಿಯ ಚುಂಯ್ ಸದ್ದು, ಯಾರೋ ಎರಡು ಪ್ಲೇಟ್ ಕೇಳುವ ದನಿ. ಈ ಸಲ ಅವರು ಬೀಳ್ತಿತ್ತಾ ಎಂಬ ಪ್ರಶ್ನೆ ಕೇಳಿರಲಿಲ್ಲ ಎಂಬುದು ನನಗೆ ಆಗ ಗಮನಕ್ಕೆ ಬಂತು.

"ಏ, ಕೇಳ್ತದಾ? ಮಣ್ಣು ಉಂಟು. ಕೆಂಪು. ನಾನೇ ಮುಟ್ಟಿ ನೋಡಿದೆ." ಬೆರಳನ್ನು ಇನ್ನೊಮ್ಮೆ ನೋಡಿಕೊಂಡರು. "ನಿನ್ನ ಒಲೆ ಸರಿಯೇ ಹೇಳಿದ್ದು."

ಕಾವಲಿಯ ಸದ್ದು ಹಾಗೆಯೇ ಇತ್ತು. ದೋಸೆ ಮಗುಚಿದ ಸದ್ದಾಯಿತು.

"ಅಷ್ಟು ನೋಡ್ಲಿಕ್ಕೆ ಅಂಗಡಿ ಬಿಟ್ಟು ಅಲ್ಲಿಯವರೆಗೆ ಹೋದ್ರಾ?" ಲೀಲಕ್ಕ ಅಂದರು. "ಬರುವಾಗ ಕಾಯಿ ತನ್ನಿ. ಚಟ್ನಿ ಮುಗೀತು. ಮತ್ತೆ ಆ ಮೊಳೆಯಿಂದ ನಿಮ್ಮ ರಸಮಟ್ಟ ನೀವೇ ಇಳಿಸಿ. ನಾನು ಮುಟ್ಟುದಿಲ್ಲ."